ಟೊಪ್ಪಿಯಂಗಡಿಯ ತಲೆಯ ಮೇಲಿನ ಕಲ್ಲುಗೋಡೆ

ಡಾರ್ಕಸ್ ಟಿಲಟ್ಸನ್ ಮಹಾ ಅಂಜುಬುರುಕಿ ಎಂಬುದು ಹ್ಯಾಲಿಫ್ಯಾಕ್ಸ್ ಪಟ್ಟಣದ ಅವಳ ಬೀದಿಗೆಲ್ಲ ಗೊತ್ತಿತ್ತು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಹೆಂಗಸರ ಟೊಪ್ಪಿ ಹೊಲಿದು ಮಾರಿ, ಕಾಲು ಬಿದ್ದುಹೋಗಿದ್ದ ಅತ್ತೆ ಕೆಜಾಯಾಳನ್ನು ಸಾಕುತ್ತಿದ್ದಳು. ಕೆಳಗೆ ಅಂಗಡಿ, ಮೇಲೆ ಮನೆ.

ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ಹೊಸತರಲ್ಲಿ ಉಣ್ಣೆ ವ್ಯಾಪಾರಿಯೊಬ್ಬ ತನ್ನ ಸಂಸಾರಕ್ಕೆಂದು ಕಟ್ಟಿಸಿದ ಮನೆ ಅದು. ಆಮೇಲೆ ಬಂದವರು ಬೀದಿಗೆ ಮುಖ ಮಾಡಿದ್ದ ಕೆಳಗೋಡೆ ಒಡೆದು ಎರಡು ಅಂಗಡಿ ಮಾಡಿದರು. ಮೇಲಿನ ಅಂತಸ್ತುಗಳ ಕಲ್ಲುಗೋಡೆಯನ್ನೆಲ್ಲ ಒಂದೇ ಮರದ ತೊಲೆ ಹೊತ್ತಿತು. ತೊಲೆಯ ನಡುವಿಗೆ ಆಸರೆಯಾಗಿ ಕಬ್ಬಿಣದ ಕಂಬವೊಂದು ನಿಂತಿತು. ಅಂಗಡಿಯ ಹೆಸರಿನ ಹಲಗೆ ತೊಲೆಯನ್ನು ಮುಚ್ಚಿತು. ಬೀದಿಯಿಂದ ನೋಡಿದರೆ ಕೆಳಗೆಲ್ಲ ಗಾಜು, ಮೇಲೆಲ್ಲ ಕಲ್ಲು.

ಪಕ್ಕದ ಅಂಗಡಿಯಲ್ಲಿ ಮಾಂಸ ಮಾರುವ ಈನಕ್ ಬೇರ್‌ಸ್ಟೋಗೆ ಅಗಲವಾದ ಹೊಸ ಗಾಜು ಹಾಕಿಸುವ ಆಸೆ ಹುಟ್ಟಿತು. ಕಂಬ ಅಡ್ಡ ಬಂತು. ಮನೆ ಮಾಲೀಕನ ಒಪ್ಪಿಗೆ ಪಡೆದು ಕಂಬ ತೆಗೆಸಿಯೇಬಿಟ್ಟ.

ಅಂದಿನಿಂದ ಡಾರ್ಕಸಳ ಕೋಣೆಯಲ್ಲಿ ಮೇಲಕ್ಕೆತ್ತಿ ತೆರೆಯುವ ಕಿಟಕಿ ಬಿಗಿದುಕೊಂಡು ಏಳಲಿಲ್ಲ. ಒಲೆಗೂಡಿನ ಮೇಲೆ ಕೂದಲೆಳೆಯಷ್ಟಿದ್ದ ಬಿರುಕಿನಲ್ಲಿ ಬರಬರುತ್ತ ಬೆರಳು ತೂರುವಂತಾಯಿತು. ಬೆಳಿಗ್ಗೆ ಅಂಗಡಿ ತೆರೆದರೆ ಮಖಮಲ್ಲಿನ ಟೊಪ್ಪಿಗಳ ಮೇಲೆ ಬಿಳಿ ಧೂಳು. ಗಾಡಿ ಹೋದಾಗಲೆಲ್ಲ ಬೀರುವಿನ ಕಪ್ಪುಗಳು ಗಿಲಗಿಲ ಎನ್ನುತ್ತಿದ್ದವು. ಅವಳು ಸೂಜಿ ನಿಲ್ಲಿಸಿ ಉಸಿರು ಬಿಗಿಹಿಡಿಯುತ್ತಿದ್ದಳು.

"ಆ ಕಂಬ ವಾಪಸ್ ನಿಲ್ಲಿಸಿ, ಮಿಸ್ಟರ್ ಬೇರ್‌ಸ್ಟೋ," ಎಂದು ಒಮ್ಮೆ ಹೋಗಿ ಕೇಳಿದಳು.

"ಯಾಕಮ್ಮಾ, ನಿನ್ನ ಟೊಪ್ಪಿಗಳ ಭಾರಕ್ಕೆ ಮನೆ ಕುಸಿಯತ್ತಾ?" ಗಿರಾಕಿಗಳು ಗೊಳ್ಳೆಂದು ನಕ್ಕರು.

ಅತ್ತೆಯನ್ನಾದರೂ ಕೆಳಗಿಳಿಸೋಣವೆಂದರೆ ಮುದುಕಿ ಜಗ್ಗಲಿಲ್ಲ. "ನಿನಗೆ ಇಲಿ ಕಂಡ್ರೂ ಭಯ, ನೆರಳು ಕಂಡ್ರೂ ಭಯ. ಬೀದಿ ನೋಡೋದಕ್ಕೆ ನನಗಿರೋದು ಇದೊಂದು ಕಿಟಕಿ. ನಾನು ಬರಲ್ಲ ಹೋಗೇ!"

ಒಂದು ಸಂತೆಯ ದಿನ ಮಧ್ಯಾಹ್ನ ಕಲ್ಲಿದ್ದಲು ಗಾಡಿಯೊಂದು ಹಾದುಹೋಯಿತು. ಈನಕ್‌ನ ಹೊಸ ಗಾಜು ಢಂ ಎಂದು ಸೀಳಿತು. ಎರಡೂ ಅಂಗಡಿಯ ಜನ ಬೀದಿಗೆ ಓಡಿದರು, ಡಾರ್ಕಸಳೂ ಓಡಿದಳು. ತಿರುಗಿ ನೋಡಿದರೆ ಹೆಸರಿನ ಹಲಗೆ ಬಿಲ್ಲಿನಂತೆ ಬಾಗಿದೆ. ಮೇಲಿನ ಕಿಟಕಿಯಲ್ಲಿ ಅತ್ತೆಯ ಬಿಳಿ ಕುಲಾವಿ.

ಡಾರ್ಕಸಳ ಕಾಲು ನೆಲಕ್ಕೆ ಅಂಟಿಕೊಂಡವು. "ಹೋಗ್ಬೇಡ!" ಎಂದು ಈನಕ್ ತೋಳು ಹಿಡಿದ. ಕೊಡವಿಕೊಂಡು ಒಳಗೆ ನುಗ್ಗಿದಳು.

ಮೆಟ್ಟಿಲು ಹೇಗೆ ಹತ್ತಿದಳೋ, ಆಮೇಲೆ ಎಷ್ಟು ನೆನೆಸಿಕೊಂಡರೂ ಅವಳಿಗೆ ಹೊಳೆಯಲಿಲ್ಲ. ಬಾಗಿಲು ಕಚ್ಚಿಕೊಂಡಿತ್ತು, ಭುಜ ಕೊಟ್ಟು ನೂಕಿದಳು. ಮುದುಕಿಯನ್ನು ಬೆನ್ನಿಗೆ ಹಾಕಿಕೊಂಡಳು.

"ಬಿಡೇ, ಕೊಲ್ತೀಯೇನೇ ನನ್ನ!"

ಅರ್ಧ ಇಳಿಯುವಷ್ಟರಲ್ಲಿ ಗಾರೆ ಹಿಟ್ಟಿನಂತೆ ಸುರಿಯತೊಡಗಿತು. ಎಲ್ಲೋ ಒಳಗೆ ಮರ ನರಳಿತು. ಬೈಗುಳ ನಿಂತಿತು. ಮುದುಕಿ ಸೊಸೆಯ ಕುತ್ತಿಗೆಗೆ ಮುಖ ಒತ್ತಿ, "ಬೇಗ, ಮಗಳೇ, ಬೇಗ," ಎಂದಳು. ಹಿತ್ತಲ ಬಾಗಿಲು ದಾಟಿ ಇಬ್ಬರೂ ಅಂಗಳದಲ್ಲಿ ಮುಗ್ಗರಿಸುವುದಕ್ಕೂ ಮುಂಗೋಡೆ ಬೀದಿಗೆ ಜಾರುವುದಕ್ಕೂ ಸರಿಹೋಯಿತು.

ಯಾರೂ ಸಾಯಲಿಲ್ಲ. ಸಿಡಿದ ಕಲ್ಲಿಗೆ ಈನಕ್‌ನ ಮುಂಗೈ ಮುರಿಯಿತು. ಬಯಲಾದ ಕೋಣೆಯಲ್ಲಿ ಕೆಜಾಯಾಳ ಮಂಚದ ಎರಡು ಕಾಲು ಗಾಳಿಯಲ್ಲಿದ್ದವು. ಅದನ್ನೇ ನೋಡುತ್ತ ಅವನು ರಸ್ತೆಯಲ್ಲಿ ಕುಸಿದು ಕೂತಿದ್ದ. ಡಾರ್ಕಸಳನ್ನು ತಲೆಯೆತ್ತಿ ನೋಡಲಾರದೆ, "ನೀನು ಹೇಳಿದ್ದೆ," ಎಂದಷ್ಟೇ ಅಂದ.

ಡಾರ್ಕಸ್ ಊರಾಚೆ ಮಹಡಿಯಿಲ್ಲದ ಪುಟ್ಟ ಮನೆ ಹಿಡಿದು, ಟೊಪ್ಪಿಗಳನ್ನು ಸಂತೆಯಲ್ಲಿ ಮಾರಿದಳು. "ಇವಳು ಗಡಗಡ ನಡುಗ್ತಿದ್ಲು. ನಾನೇ ದಾರಿ ತೋರಿಸ್ಕೊಂಡು ಕರ್ಕೊಂಡ್ಬಂದೆ," ಎಂದು ಕೆಜಾಯಾ ಬಂದವರಿಗೆಲ್ಲ ಹೇಳುತ್ತಿದ್ದಳು. ಡಾರ್ಕಸ್ ಅಲ್ಲವೆನ್ನಲಿಲ್ಲ. ಅವಳ ಹೆದರಿಕೆಯೇನೂ ಹೋಗಲಿಲ್ಲ. ದೂರದಲ್ಲಿ ಗಾಡಿಯ ಸದ್ದು ಕೇಳಿದರೆ ಹೊಲಿಗೆ ಬಿಟ್ಟೆದ್ದು, ಅತ್ತೆಯ ಕುರ್ಚಿಯನ್ನು ಹೊಸ್ತಿಲ ತನಕ ಎಳೆದು, ಸದ್ದು ಕರಗುವವರೆಗೂ ಅದರ ಬೆನ್ನು ಹಿಡಿದು ನಿಂತಿರುತ್ತಿದ್ದಳು. ಮುದುಕಿಯೂ ಬೇಡವೆನ್ನುತ್ತಿರಲಿಲ್ಲ.