ಅಂಗೈ ಮರದ ಒಂದು ಎಲೆ

ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಶಾಲೆಯಲ್ಲಿ ನಾನು ನಾಲ್ಕನೇ ತರಗತಿಯ ಟೀಚರ್. ಮಕ್ಕಳಿಗೆ ಕೈಕೆಲಸ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಕೊಬ್ಬು ನನಗೆ. ಕಳೆದ ವರ್ಷ ಮೇಲಧಿಕಾರಿ ಶಾಲೆ ನೋಡಲು ಬರುತ್ತಾರೆಂದು ಗೊತ್ತಾದಾಗ ಅಂಗೈ ಮರ ಮಾಡಿಸಲು ಹೊರಟೆ. ದೊಡ್ಡ ಬಿಳಿ ಚಾರ್ಟಿನ ಮೇಲೆ ಕಾಂಡ, ಕೊಂಬೆ ನಾನು ಬರೆಯುವುದು. ಪ್ರತಿ ಮಗುವೂ ಅಂಗೈಗೆ ಹಸಿರು ಬಣ್ಣ ಬಳಿದುಕೊಂಡು ಒತ್ತಿದರೆ ಒಂದೊಂದು ಎಲೆ. ಎಲೆಯ ಕೆಳಗೆ ಆ ಮಗುವಿನ ಹೆಸರು.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಬಂದು ನಿಂತವಳು ಒಬ್ಬ ಹುಡುಗಿ. ಒಂದನೇ ತರಗತಿಯಿಂದ ಒಂದು ದಿನವೂ ಶಾಲೆ ತಪ್ಪಿಸದವಳು. ಅದೇ ಅವಳ ಹೆಮ್ಮೆ. ಆಗ ಹೊಗೆಸೊಪ್ಪು ಮುರಿಯುವ ಕಾಲ. ಬೆಳಿಗ್ಗೆ ಅವ್ವನ ಜೊತೆ ಕೂತು ಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟಿ, ಹಾಗೇ ಓಡಿ ಬರುತ್ತಿದ್ದಳು. ಸೊಪ್ಪಿನ ಅಂಟು ಅಂಗೈಗೆ ಟಾರಿನಂತೆ ಕಪ್ಪಗೆ ಮೆತ್ತಿಕೊಂಡಿತ್ತು.

"ಥೂ, ಆ ಕೈ ತೆಗಿ ಅತ್ಲಾಗೆ. ಚಾರ್ಟೆಲ್ಲ ಗಲೀಜಾಯ್ತದೆ," ಅಂದೆ.

"ಸೋಪಾಕಿ ತೊಳ್ದೀನಿ ಮಿಸ್. ಓಗಕಿಲ್ಲ ಅದು."

"ಹೋದಾಗ ಬಾ. ಈಗ ಹಿಂದೆ ಹೋಗಿ ಕೂತ್ಕೊ."

ಮಕ್ಕಳು ಕಿಸಕ್ಕೆಂದರು. ಸುಳ್ಳೇಕೆ, ನನಗೂ ನಗು ಬಂತು. ಅವಳು ಸಂಜೆಯವರೆಗೂ ಕೈಗಳನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದಳು.

ಕೊಂಬೆಯ ತುದಿಯಲ್ಲಿ ಒಂದು ಎಲೆಯ ಜಾಗ ಖಾಲಿ ಉಳಿಯಿತು. ಚಾರ್ಟನ್ನು ಮನೆಗೆ ತಂದು ನನ್ನ ಮಗಳ ಕೈ ಒತ್ತಿಸಿದೆ. ಅವಳೂ ನಾಲ್ಕನೇ ತರಗತಿಯೇ, ಆದರೆ ಪೇಟೆಯ ಕಾನ್ವೆಂಟಿನಲ್ಲಿ. ಊರ ಮಕ್ಕಳಿಗೆ ಪಾಠ ಹೇಳುವ ನಾನು ನನ್ನ ಮಗಳನ್ನು ನಮ್ಮ ಹಳ್ಳಿಶಾಲೆಗೆ ಕಳಿಸುತ್ತೇನೆಯೇ? ಮಾಡೋದು ಅನಾಚಾರ, ಮನೆ ಮುಂದೆ ಬೃಂದಾವನ. ಆ ಬೆಣ್ಣೆಗೈಯ ಗುರುತಿನ ಕೆಳಗೆ ನಾನು ಹಿಂದೆ ಕೂರಿಸಿದ ಹುಡುಗಿಯ ಹೆಸರನ್ನು ಮುದ್ದಾಗಿ ಬರೆದೆ.

ಮಾರನೇ ದಿನ ಆ ಹುಡುಗಿ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು.

"ಓಯ್ತು ಮಿಸ್, ನೋಡಿ. ಟೊಮೇಟೊ ಕಾಯಿ ಉಜ್ದೆ, ಆಮೇಕೆ ಇಟ್ಗೆ ಚೂರಲ್ಲಿ ಉಜ್ದೆ. ಇವಾಗ ಒತ್ಬೋದಾ?"

ಅಂಗೈ ಸುಲಿದು ಕೆಂಪಗಾಗಿತ್ತು. "ಜಾಗ ಇಲ್ಲ ಕಣೆ," ಅಂದೆ.

ಅಂದೇ ಅಧಿಕಾರಿ ಬಂದರು. ಮರ ನೋಡಿ ಖುಷಿಯಾಗಿ, "ಎಲ್ಲಿ, ಒಬ್ಬೊಬ್ಬರೇ ನಿಮ್ಮ ನಿಮ್ಮ ಎಲೆ ಮೇಲೆ ಕೈ ಇಟ್ಟು ತೋರಿಸಿ" ಅಂದರು. ಹುಡುಗಿ ತನ್ನ ಹೆಸರು ಓದಿಕೊಂಡಳು, ನನ್ನನ್ನೊಮ್ಮೆ ನೋಡಿದಳು, ಕೈ ಇಟ್ಟಳು. ಅವಳ ಉದ್ದ ಬೆರಳುಗಳು ಎಲೆ ದಾಟಿ ಹೊರಗೆ ಬಂದವು.

"ಇದು ನಿನ್ನ ಕೈಯಲ್ಲವಲ್ಲಮ್ಮ?"

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ನಿನ್ನೆ ಇವಳು ಬಂದೇ ಇರಲಿಲ್ಲ ಸಾರ್. ಸೊಪ್ಪು ಕಟ್ಟೋಕೆ ಹೋಗ್ತಾಳೆ, ಸ್ಕೂಲಿಗೆ ಚಕ್ಕರ್. ಹೆಸರು ತಪ್ಪಿ ಬಿದ್ದಿದೆ."

ಒಂದು ಮಗುವೂ ತುಟಿ ಬಿಚ್ಚಲಿಲ್ಲ. ಅವಕ್ಕೆ ನನ್ನ ಮೇಲಿನ ಭಯ ಅಷ್ಟಿತ್ತು. ಅಧಿಕಾರಿ ಅವಳಿಗೆ ಓದಿನ ಬೆಲೆ ಬಗ್ಗೆ ಐದು ನಿಮಿಷ ಬುದ್ಧಿ ಹೇಳಿದರು. ಅವರು ಹೆಡ್‌ಮಾಸ್ಟರ ಕೋಣೆಗೆ ಹೋದ ಕೂಡಲೇ ನಾನು ಹಾಜರಿ ಪುಸ್ತಕ ತೆಗೆದು ಹಿಂದಿನ ದಿನದ ಅವಳ ಹಾಜರಿಯನ್ನು ಗೈರು ಎಂದು ತಿದ್ದಿದೆ. ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನೋಡಲಿ ಬಿಡು, ಏನು ಮಾಡಿಯಾಳು ಅಂದುಕೊಂಡೆ.

ಶನಿವಾರ ಹಾಜರಿ ಕರೆದೆ. ಅವಳ ಹೆಸರು ಬಂತು. ಮುಂದಿನ ಸಾಲಿನಲ್ಲೇ ಇದ್ದವಳು ಎದ್ದು ನಿಂತಳು.

"ಬಂದಿಲ್ಲ ಮಿಸ್."

ಯಾರೂ ನಗಲಿಲ್ಲ. ನಾಚಿಕೆಯಾಗಬೇಕಿತ್ತು, ನನಗೆ ಮೈಯೆಲ್ಲ ಉರಿಯಿತು. ಸ್ಕೇಲು ಎತ್ತಿಕೊಂಡು "ಚಾಚು ಕೈ" ಅಂದೆ. ಚಾಚಿದಳು. ಅಂಗೈಯಲ್ಲಿ ಒಂದು ಚೂರೂ ಕಪ್ಪು ಇರಲಿಲ್ಲ. ಸುಲಿದ ಜಾಗ ಇನ್ನೂ ಹಸಿಯಾಗಿತ್ತು.

ಅದನ್ನು ನೋಡಿಯೇ ಹೊಡೆದೆ.