ತಾರಸಿಯ ಮೇಲಿನ ಸರಳುಗಳು

ಬೈಲಹೊಂಗಲದಲ್ಲಿ ಮನೆ ಕಟ್ಟಿಸಿದಾಗ, ಮುಂದೆ ಮಹಡಿ ಏರಿಸಲೆಂದು ತಾರಸಿಯ ಮೇಲೆ ಕಂಬದ ಸರಳುಗಳನ್ನು ಹಾಗೆಯೇ ಬಿಡಿಸಿದ್ದೆ. ನಮ್ಮ ಓಣಿಯಲ್ಲಿ ಎಲ್ಲರದೂ ಇದೇ ಹುಚ್ಚು. ಮನೆಮನೆಗೂ ಕೊಂಬು ಮೂಡಿದ ಹಾಗೆ ಕಾಣುತ್ತದೆ. ಹನ್ನೆರಡು ವರ್ಷದಲ್ಲಿ ಸರಳುಗಳಿಗೆ ತುಕ್ಕು ಹಿಡಿಯಿತು, ನನಗೆ ಬಿಪಿ ಹಿಡಿಯಿತು. ಎದುರು ಮನೆಯ ನಿವೃತ್ತ ಮಾಸ್ತರರು ಸಿಕ್ಕಾಗಲೆಲ್ಲ, "ಮ್ಯಾಲ ಯಾವಾಗ ಕಟ್ಟಸ್ತೀರಿ?" ಎನ್ನುತ್ತಿದ್ದರು. ತಮ್ಮ ತಾರಸಿಯ ಸರಳು ಕಾಣದ ಆ ಕಣ್ಣಿಗೆ ನನ್ನವು ಮಾತ್ರ ಕಾಣುತ್ತಿದ್ದವು. ನಾನೋ, "ಬರೂ ವರ್ಷ ರೀ" ಎಂದು ಸುಳ್ಳು ಹೇಳಿ, ಒಳಗೆ ಬಂದು ಹೆಂಡತಿಯ ಮೇಲೆ ಹರಿಹಾಯುವ ಶೂರ.

ಕಳೆದ ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಹಾಕುತ್ತಿದ್ದ ಆಕೆ ತಲೆ ಎತ್ತದೆಯೇ ಕೇಳಿದಳು: "ಮ್ಯಾಲ ಕಟ್ಟಿದ್ರ ಅಲ್ಲಿ ಇರಾವ್ರು ಯಾರ್ರೀ? ಕೆಳಗಿನ ಖೋಲಿ ಕಸಾ ಹೊಡಿಯೂದ್ರಾಗ ನನ್ನ ನಡಾ ಮುರದೈತಿ."

ಹನ್ನೆರಡು ವರ್ಷ ನಿದ್ದೆಗೆಟ್ಟ ಈ ಮೂರ್ಖನಿಗೆ ಆ ಒಂದು ಪ್ರಶ್ನೆ ಹೊಳೆದಿರಲೇ ಇಲ್ಲ! ಮರುದಿನವೇ ವೆಲ್ಡಿಂಗ್ ಅಂಗಡಿಯವನನ್ನು ಕರೆಸಿ ಸರಳುಗಳನ್ನು ಬುಡಕ್ಕೇ ಕತ್ತರಿಸಿ ಹಾಕಿಸಿದೆ.

ಸದ್ದು ಕೇಳಿ ಮಾಸ್ತರರು ಓಡಿ ಬಂದರು. "ಅಲ್ರೀ, ಇನ್ನ ಮುಂದ ಏನ್ ಮಾಡ್ತೀರಿ?"

"ನಿದ್ದಿ ಮಾಡ್ತೇನ್ರಿ," ಎಂದೆ.