ಮಂಚದ ಕೆಳಗಿನ ಇಟ್ಟಿಗೆ

ಬೀಗದ ಮಾವನ ಕೈಗೆ ಬಗ್ಗದ ಬೀಗ ಊರಿನಲ್ಲಿ ಇರಲಿಲ್ಲ. ನಲವತ್ತು ವರ್ಷ ಕಂಡವರ ಮನೆ ಬಾಗಿಲು ತೆಗೆದುಕೊಟ್ಟರೂ ಯಾರದೂ ಒಂದು ಗುಂಡುಸೂಜಿ ಮುಟ್ಟಿದವನಲ್ಲ ಎಂಬ ಹೆಸರು ಬೇರೆ. ಎಲ್ಲದರಲ್ಲೂ ಹುಳುಕು ತೆಗೆಯುವ ಬಾಯಿಯೂ ಇತ್ತು. ಹಾಗಾಗಿ ನಗರಸಭೆ ತನ್ನ ಹೊಸ ದೂರಿನ ಆ್ಯಪನ್ನು ಪರೀಕ್ಷಿಸಲು ಕರೆದ ಹತ್ತು ಜನರಲ್ಲಿ ಅವನೂ ಒಬ್ಬನಾದ. ಕೊರಳಿಗೆ ‘ನಾಗರಿಕ ಪರೀಕ್ಷಕ’ ಎಂಬ ಬಿಲ್ಲೆ ಬಿತ್ತು. ಅದು ನಾಲ್ಕು ಜನಕ್ಕೆ ಕಾಣಲೆಂದು ಮಾವ ಎದೆ ತುಸು ಮುಂದೆ ಹಾಕಿಯೇ ನಡೆದ.

ಮನೆಯೊಳಗೆ ಮಾತ್ರ ಎದೆ ತುಂಬ ಉಸಿರೆಳೆಯುವಂತಿರಲಿಲ್ಲ. ಬೀದಿಯ ಚರಂಡಿ ಕಟ್ಟಿಕೊಂಡು ಒಂಬತ್ತು ದಿನದಿಂದ ಕೊಳಚೆ ಒಳಗೆ ನಿಂತಿತ್ತು. ಸೊಂಟ ಮುರಿದು ಮಲಗಿದ್ದ ಹೆಂಡತಿಯ ಮಂಚದ ಕಾಲುಗಳಿಗೆ ಮೂರು ಮೂರು ಇಟ್ಟಿಗೆ ಕೊಟ್ಟಾಗಿತ್ತು. ಬರೆದುಕೊಟ್ಟ ಅರ್ಜಿ ‘ಇನ್ನು ಎಲ್ಲಾ ಆ್ಯಪಲ್ಲೇ’ ಎಂಬ ಮಾತಿನೊಂದಿಗೆ ವಾಪಸಾಗಿತ್ತು.

“ಇನ್ನೊಂದು ಇಟ್ಟಿಗೆ ಇಟ್ರೆ ಅಟ್ಟದ ಡಬ್ಬಕ್ಕೇ ಕೈ ಹಾಕ್ತೀನಿ, ನೋಡಿ,” ಎಂದು ಅವಳು ನಗಿಸಲು ನೋಡಿದಳು. ಇಬ್ಬರಿಗೂ ನಗು ಬರಲಿಲ್ಲ.

ಪರೀಕ್ಷೆಯ ದಿನ ಉಳಿದವರು ‘ಬೀದಿ ದೀಪ ಇಲ್ಲ’ ಎಂದು ಏನೋ ಒಂದು ಒತ್ತಿ ಮುಗಿಸಿದರು. ಮಾವ ತನ್ನ ಚರಂಡಿಯ, ತನ್ನ ಮಂಚದ ಫೋಟೋ ಹಾಕಿದ. ಹಸಿರು ಅಕ್ಷರ ಮೂಡಿತು: ‘ಸ್ವೀಕರಿಸಲಾಗಿದೆ.’ ಪರೀಕ್ಷೆ ನಡೆಸುತ್ತಿದ್ದ ನಗರಸಭೆಯ ಎಂಜಿನಿಯರು ಚಪ್ಪಾಳೆ ತಟ್ಟಿದರು. ಮರುದಿನ ಮತ್ತೆ ಕರೆಸಿದಾಗ ಇನ್ನೂ ದಪ್ಪ ಹಸಿರು: ‘ಪರಿಹರಿಸಲಾಗಿದೆ.’

ಮಾವ ಎದ್ದುಬಿದ್ದು ಮನೆಗೆ ಓಡಿದ. ನೀರು ಮೂರನೆಯ ಇಟ್ಟಿಗೆ ಮುಟ್ಟಿತ್ತು. ಅದೇ ಒದ್ದೆ ಚಪ್ಪಲಿಯಲ್ಲಿ ಕಚೇರಿಗೆ ಮರಳಿದ.

“ಸಾರ್, ನೀರು ಇಳಿದೇ ಇಲ್ಲ!”

“ಇದು ಬರೀ ಪ್ರಾಕ್ಟೀಸು, ಯಜಮಾನ್ರೇ. ಸಾಯಂಕಾಲ ಆದ್ರೆ ದೂರೆಲ್ಲಾ ತಾನಾಗೇ ಬಗೆಹರಿಯುತ್ತೆ. ನಿಜವಾದ್ದು ಮುಂದಿನ ತಿಂಗಳು, ಉದ್ಘಾಟನೆ ಆದ್ಮೇಲೆ.”

“ಅಲ್ಲೀವರೆಗೆ ಅವಳು ತೇಲ್ತಾ ಇರ್ಬೇಕಾ? ಹೋಗ್ಲಿ, ಬಗೆಹರಿದಿಲ್ಲ ಅನ್ನೋಕೆ ಎಲ್ಲಿ ಒತ್ಬೇಕು?”

ಎಂಜಿನಿಯರ ಮುಖ ಅರಳಿತು. “ಅಯ್ಯೋ, ಆ ಬಟನ್ನೇ ಮರೆತಿದ್ವಿ! ಎಂಥಾ ಸಲಹೆ ಕೊಟ್ರಿ!” ಎಂದು ಕೈ ಕುಲುಕಿದರು.

ಮಾವ ಆ ಕೈಯನ್ನು ಬಿಡಲಿಲ್ಲ. “ಒಬ್ಬ ಆಳು, ಒಂದು ಉದ್ದನೆ ಗಳ. ಅಷ್ಟು ಕಳಿಸಿ ಸಾರ್, ಕಾಲಿಗೆ ಬೀಳ್ತೀನಿ.”

“ಅದನ್ನೂ ಆ್ಯಪಲ್ಲಿ ಹಾಕಿಬಿಡಿ.”

ಹೊರಗೆ ಉದ್ಘಾಟನೆಯ ವೇದಿಕೆಗೆಂದು ಇಟ್ಟಿಗೆ ಸುರಿದಿದ್ದರು. ಮಾವ ಬಹಳ ಹೊತ್ತು ನಿಂತ. ಆಮೇಲೆ ಬೀಗದ ಸಾಮಾನಿನ ಚೀಲ ಬಿಚ್ಚಿ, ನಾಲ್ಕು ಕಾಲಿಗೆ ನಾಲ್ಕು ಎಂದು ತುಂಬಿಕೊಂಡ.

“ಏನ್ ಮಾವ, ಇಟ್ಟಿಗೆ ಎಲ್ಲಿಗೆ?” ಎಂದ ಕಾವಲುಗಾರ.

“ಪರೀಕ್ಷೆಗೆ ಕಣಪ್ಪ,” ಎಂದು ಮಾವ ಬಿಲ್ಲೆ ತೋರಿಸಿದ. ಕಾವಲುಗಾರ ಸೆಲ್ಯೂಟ್ ಹೊಡೆದು ಗೇಟು ತೆರೆದ.

ಬಿಲ್ಲೆ ಕೊನೆಗೂ ಕೆಲಸಕ್ಕೆ ಬಂದಿತ್ತು. ಎದೆ ಮಾತ್ರ ಮುಂದೆ ಬರಲಿಲ್ಲ. ಮಾವ ತಲೆ ತಗ್ಗಿಸಿಕೊಂಡು, ಚೀಲದ ಭಾರಕ್ಕೆ ಒಂದು ಕಡೆ ವಾಲಿ, ಮನೆ ಕಡೆ ನಡೆದ.